ಫರಂಗಿ ಗಾಜಿನಿಂದ ಕಣ್ಣಿನ ಮಸೂರದವರೆಗೆ

ಬೀದರ್ ಜಿಲ್ಲೆಯಲ್ಲಿ ಕನ್ನಡಕಕ್ಕೆ ಇರುವಷ್ಟು ಹೆಸರು ಮತ್ತಾವ ಸಣ್ಣ ವಸ್ತುವಿಗೂ ಇರಲಿಕ್ಕಿಲ್ಲ. ಶಾಲೆಯ ಪುಸ್ತಕದಲ್ಲಿ ಅದು ಕನ್ನಡಕ. ಕನ್ನಡಿಯ ಬಳಗದ ಪದ. ಸಂಸ್ಕೃತ ಬಲ್ಲವರ ಬಾಯಲ್ಲಿ ಉಪನೇತ್ರ, ಸುಲೋಚನ. ಬೀದರ್ ನಗರದ ಹಳೆಯ ಓಣಿಗಳಲ್ಲಿ ದಖನಿ ಉರ್ದು ಆಡುವವರ ಮನೆಗಳಲ್ಲಿ ಐನಕ್. ಕನ್ನಡದೊಂದಿಗೆ ಮರಾಠಿ ಬೆರೆತ ಭಾಲ್ಕಿ, ಔರಾದ್ ಕಡೆಗೆ ಚಷ್ಮಾ, ಇಲ್ಲವೆ ಚಾಳೀಸು. ಪೂರ್ವಕ್ಕೆ ತೆಲಂಗಾಣದ ಗಡಿ ದಾಟಿದರೆ ‘ಕಳ್ಳಜೋಡು’. ತೆಲುಗಿನಲ್ಲಿ ಕಣ್ಣುಗಳ ಜೋಡಿ ಎಂಬ ಈ ಮುಗ್ಧ ಪದ, ಜೋಡು ಎಂದರೆ ಪಾದರಕ್ಷೆ ಎಂದೇ ತಿಳಿಯುವ ನಮ್ಮ ಉತ್ತರದವರ ಕಿವಿಗೆ ಯಾವನೋ ಕಳ್ಳ ಬಿಟ್ಟುಹೋದ ಮೆಟ್ಟಿನಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಈ ಹೆಸರುಗಳನ್ನು ಸ್ವಲ್ಪ ಕೆದಕಿದರೆ ವಸ್ತುವಿನ ಚರಿತ್ರೆಯೇ ಹೊರಬೀಳುತ್ತದೆ. ಚಷ್ಮಾ ಎಂಬುದು ಪಾರ್ಸಿಯ ‘ಚಶ್ಮ್’ ಎಂಬ ಪದದಿಂದ ಬಂತು. ಐನಕ್ ಅರಬಿಯ ‘ಐನ್’ನಿಂದ. ಎರಡರ ಅರ್ಥವೂ ಕಣ್ಣು. ಚಾಳೀಸು ಮಾತ್ರ ಕಣ್ಣಿಗೂ ಗಾಜಿಗೂ ಸಂಬಂಧಪಡದ ಮಾತು. ಅದರ ಮೂಲಾರ್ಥ ನಲವತ್ತು, ಅಷ್ಟೆ. ನಲವತ್ತು ತುಂಬಿದವನು ಕನ್ನಡಕ ಹಾಕುತ್ತಾನೆ. ಆದ್ದರಿಂದ ಕನ್ನಡಕಕ್ಕೇ ನಲವತ್ತು ಎಂಬ ಹೆಸರು. ವೈದ್ಯಶಾಸ್ತ್ರದ ಒಂದು ಅಧ್ಯಾಯವನ್ನು ಜನ ಒಂದೇ ಪದದಲ್ಲಿ ಅಡಗಿಸಿಟ್ಟಿದ್ದಾರೆ.

ಆ ಅಧ್ಯಾಯ ಹೀಗಿದೆ. ಕಣ್ಣಿನೊಳಗಿನ ಮಸೂರ ಎಳೆತನದಲ್ಲಿ ಮೆತ್ತಗಿರುತ್ತದೆ. ಹತ್ತಿರದ್ದನ್ನು ನೋಡುವಾಗ ಉಬ್ಬುತ್ತದೆ, ದೂರ ನೋಡುವಾಗ ಚಪ್ಪಟೆಯಾಗುತ್ತದೆ. ಹತ್ತು ವರ್ಷದ ಹುಡುಗ ಕಣ್ಣಿನಿಂದ ನಾಲ್ಕು ಬೆರಳು ದೂರದಲ್ಲಿಟ್ಟ ಅಕ್ಷರವನ್ನೂ ಓದಬಲ್ಲ. ವಯಸ್ಸಾದಂತೆ ಆ ಮಸೂರ ಬಿರುಸಾಗುತ್ತ ಹೋಗಿ, ನಲವತ್ತರ ಆಚೀಚೆ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗುತ್ತದೆ. ಪತ್ರಿಕೆಯನ್ನು ತೋಳುದ್ದ ಹಿಡಿದು ಓದುವ ಹಂತ ಬರುತ್ತದೆ. ಆಮೇಲೆ ತೋಳೂ ಸಾಲದು. ಇದು ರೋಗವಲ್ಲ, ನರೆಗೂದಲಿನ ಹಾಗೆ ಎಲ್ಲರಿಗೂ ಬರುವಂಥದು. ಕನ್ನಡಕ ಹುಟ್ಟಿದ್ದು ಈ ತೊಂದರೆಗಾಗಿಯೇ. 13ನೇ ಶತಮಾನದ ಕೊನೆಗೆ ಇಟಲಿಯಲ್ಲಿ ಮೊದಲು ಕಾಣಿಸಿಕೊಂಡ ಕನ್ನಡಕಗಳೆಲ್ಲ ನಡು ಉಬ್ಬಿದ ಪೀನ ಮಸೂರದವು. ಹತ್ತಿರದ ಅಕ್ಷರ ಕಾಣದ ವಯಸ್ಸಾದವರಿಗೆ ಮಾಡಿದವು. ದೂರದ್ದು ಕಾಣದವರಿಗೆ ಬೇಕಾದ ನಿಮ್ನ ಮಸೂರ ಬರಲು ಇನ್ನೂ ಒಂದೂವರೆ ಶತಮಾನ ಹಿಡಿಯಿತು.

ಬೀದರ್‌ನ ಚೌಬಾರಾದಿಂದ ಕೋಟೆಯ ಕಡೆ ನಡೆದರೆ ದಾರಿಯಲ್ಲಿ ಸಿಗುವುದು ಮಹಮೂದ್ ಗವಾನನ ಮದರಸಾ. ಇರಾನಿನ ಗೀಲಾನ್ ಪ್ರಾಂತ್ಯದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದ ಗವಾನ್ 1472ರಲ್ಲಿ ಕಟ್ಟಿಸಿದ್ದು. ಮೂರು ಅಂತಸ್ತಿನ ಈ ವಿದ್ಯಾಲಯದ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಪ್ರತೀತಿ. 17ನೇ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟಕ್ಕೆ ಕಟ್ಟಡದ ಒಂದು ಪಾರ್ಶ್ವವೇ ಹಾರಿಹೋಯಿತು. ಉಳಿದ ಗೋಡೆಯ ಹೆಂಚಿನ ಬಣ್ಣ ಇಂದಿಗೂ ಕಣ್ಣಿಗೆ ಹಬ್ಬ. ಮೂರು ಸಾವಿರ ಹಸ್ತಪ್ರತಿ ಎಂದರೆ ಅದರ ಹಿಂದೆ ನೂರಾರು ಲಿಪಿಕಾರರು, ಅಧ್ಯಾಪಕರು. ಅವರಲ್ಲಿ ನಲವತ್ತು ದಾಟಿದವರ ಪಾಡೇನು ಎಂಬ ಪ್ರಶ್ನೆಯನ್ನು ಪ್ರವಾಸಿಗರಾರೂ ಕೇಳುವುದಿಲ್ಲ.

ಇದಕ್ಕೊಂದು ಸುಳಿವು ಸಿಗುವುದು ಬೀದರ್‌ನಿಂದ ಬಹುದೂರದ ಹೆರಾತ್‌ನಲ್ಲಿ. ಪಾರ್ಸಿಯ ಮಹಾಕವಿ ಜಾಮಿ (1414–1492) ಅಲ್ಲಿ ವಾಸವಾಗಿದ್ದ. ಗವಾನ್ ಮತ್ತು ಜಾಮಿ ಪರಸ್ಪರ ಪತ್ರ ಬರೆದುಕೊಳ್ಳುತ್ತಿದ್ದ ಗೆಳೆಯರು. ಕವಿಯನ್ನು ಬೀದರ್‌ಗೆ ಕರೆಸಿಕೊಳ್ಳಬೇಕೆಂಬ ಆಸೆ ಗವಾನನಿಗೆ ಇತ್ತು, ಅದು ಕೈಗೂಡಲಿಲ್ಲ. ಇದೇ ಜಾಮಿ 1480ರ ಸುಮಾರಿಗೆ ಬರೆದ ‘ಸಲಾಮಾನ್ ಮತ್ತು ಅಬ್ಸಾಲ್’ ಎಂಬ ಕಾವ್ಯದಲ್ಲಿ ತನ್ನ ಮುಪ್ಪಿನ ಕಷ್ಟ ಹೇಳಿಕೊಳ್ಳುತ್ತ, ಫರಂಗಿ ಗಾಜಿನ ನೆರವಿಲ್ಲದೆ ತನ್ನ ಕಣ್ಣು ಸಾಗದೆಂದು ಸೂಚಿಸುತ್ತಾನೆ. ಫರಂಗಿ ಗಾಜೆಂದರೆ ಯೂರೋಪಿನ ಕನ್ನಡಕ. ಅಲ್ಲಿಗೆ ವಾಸ್ಕೋ ಡ ಗಾಮ 1498ರಲ್ಲಿ ಕೇರಳದ ದಡ ಮುಟ್ಟುವ ಮೊದಲೇ, ಭೂಮಾರ್ಗದ ವ್ಯಾಪಾರಿಗಳ ಮೂಟೆಯಲ್ಲಿ ಕನ್ನಡಕ ಮಧ್ಯ ಏಷ್ಯಾದವರೆಗೆ ಬಂದಿತ್ತೆಂದಾಯಿತು. ಹೆರಾತ್‌ನಿಂದ ಬೀದರ್‌ಗೆ ಕುದುರೆ, ರೇಷ್ಮೆ, ಪುಸ್ತಕ, ಪಂಡಿತ ಎಲ್ಲವೂ ಬರುತ್ತಿದ್ದ ಕಾಲವದು. ಗವಾನನ ಮೂಗಿನ ಮೇಲೂ ಅಂಥದೊಂದು ಜೋಡಿ ಇಡುವುದು ಕಾದಂಬರಿಕಾರರಿಗೆ ಬಿಟ್ಟ ಕೆಲಸ. 1481ರಲ್ಲಿ ಗವಾನ್ ಹತನಾದದ್ದು ಅವನ ಮುದ್ರೆಯಿದ್ದ ಒಂದು ಕೃತ್ರಿಮ ಪತ್ರದಿಂದ. ಪತ್ರವನ್ನು ಯಾರು ಎಷ್ಟು ಎಚ್ಚರದಿಂದ ಓದಿದರು ಎಂಬುದು ಒಬ್ಬ ಮುದುಕನ ಪ್ರಾಣಕ್ಕೇ ಎರವಾದ ಊರಿದು.

ಕರ್ನಾಟಕದ ನೆಲದಲ್ಲೇ ಕನ್ನಡಕದ ಖಚಿತ ಉಲ್ಲೇಖ ಸಿಗುವುದು ಇನ್ನು ನಾಲ್ಕು ದಶಕ ಕಳೆದ ಮೇಲೆ, ವಿಜಯನಗರದಲ್ಲಿ. ದಾಸಸಾಹಿತ್ಯದಿಂದ ಕನ್ನಡಿಗರಿಗೆಲ್ಲ ಪರಿಚಿತರಾದ ವ್ಯಾಸರಾಯರ (1460–1539) ಜೀವನವನ್ನು ಅವರ ಕಾಲದವನೇ ಆದ ಸೋಮನಾಥ ಕವಿ ‘ವ್ಯಾಸಯೋಗಿಚರಿತ’ ಎಂಬ ಸಂಸ್ಕೃತ ಚಂಪುವಿನಲ್ಲಿ ಬರೆದಿದ್ದಾನೆ. ಬಿ. ವೆಂಕೋಬರಾವ್ ಇದನ್ನು 1926ರಲ್ಲಿ ಬೆಂಗಳೂರಿನಲ್ಲಿ ಸಂಪಾದಿಸಿ ಪ್ರಕಟಿಸಿದರು. ವ್ಯಾಸರಾಯರು ಗ್ರಂಥ ಓದುವಾಗ ‘ಉಪಲೋಚನಗೋಲಕ’ ಬಳಸುತ್ತಿದ್ದರೆಂದು ಅದರಲ್ಲಿದೆ. ಪುಣೆಯ ಭಂಡಾರ್ಕರ್ ಸಂಶೋಧನ ಮಂದಿರದ ಪಿ.ಕೆ. ಗೋಡೆ ಭಾರತದಲ್ಲಿ ಕನ್ನಡಕದ ಚರಿತ್ರೆಯನ್ನು ಅರಸುತ್ತ ಈ ಒಂದು ಪದದ ಮೇಲೆ ಬೆರಳಿಟ್ಟರು. 1520ರ ಸುಮಾರಿನ ಈ ಕನ್ನಡಕ ವಿಜಯನಗರಕ್ಕೆ ಬಂದುಹೋಗುತ್ತಿದ್ದ ಪೋರ್ಚುಗೀಸರ ಕಾಣಿಕೆಯಾಗಿರಬೇಕೆಂಬುದು ಅವರ ಊಹೆ. ಕನ್ನಡಕ ಭಾರತದಲ್ಲೇ ಹುಟ್ಟಿತೆಂದು ವಾದಿಸಿದವರೂ ಉಂಟು; ಆದರೆ ಜಾಮಿಯ ‘ಫರಂಗಿ’ ಎಂಬ ವಿಶೇಷಣ ಆ ವಾದಕ್ಕೆ ಅನುಕೂಲವಾಗಿಲ್ಲ.

ಈ ಇಬ್ಬರ ಕಥೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಜಾಮಿಗೆ ಅರವತ್ತೈದರ ವಯಸ್ಸು, ವ್ಯಾಸರಾಯರಿಗೆ ಅರವತ್ತು. ಇಬ್ಬರೂ ಓದಿನಲ್ಲಿ ಹಣ್ಣಾದವರು. ಅವರ ಕನ್ನಡಕವನ್ನು ಯಾರೂ ಕೊರತೆ ಎನ್ನಲಿಲ್ಲ. ಚರಿತಕಾರನಿಗೆ ಅದು ಬಣ್ಣಿಸಿ ಹೇಳಬೇಕಾದ ಭೂಷಣವಾಗಿಯೇ ಕಂಡಿತು. ಮೊಗಲರ ಕಾಲದ ಚಿತ್ರಗಳಲ್ಲೂ ಕನ್ನಡಕ ಕಾಣುವುದು ವೃದ್ಧರ ಮೂಗಿನ ಮೇಲೆ. ಆಗಿನ ಕನ್ನಡಕಕ್ಕೆ ಕಿವಿಗೆ ಸಿಕ್ಕಿಸುವ ಕಡ್ಡಿಗಳಿರಲಿಲ್ಲ. ಮೂಗನ್ನು ಕಚ್ಚಿ ನಿಲ್ಲಬೇಕು, ಇಲ್ಲವೆ ಕೈಯಲ್ಲಿ ಹಿಡಿಯಬೇಕು. ಕಡ್ಡಿ ಬಂದದ್ದು 18ನೇ ಶತಮಾನದ ಲಂಡನ್ನಿನಲ್ಲಿ. ಅಲ್ಲಿಯವರೆಗೆ ಕನ್ನಡಕ ಹಾಕಿಕೊಂಡು ನಡೆದಾಡುವ, ದುಡಿಯುವ, ಆಡುವ ಮಾತೇ ಇರಲಿಲ್ಲ. ಅದು ಕೂತು ಓದುವವನ ಉಪಕರಣವಾಗಿತ್ತು.

ಅದು ಮಕ್ಕಳ ಮುಖಕ್ಕೆ ಏರಿದ್ದು ಕಪ್ಪುಹಲಗೆಯಿಂದ. ಹೊಲದಲ್ಲಿ ದನ ಕಾಯುವ ಹುಡುಗನಿಗೆ ದೂರದ ಮರದ ಎಲೆ ಬಿಡಿಬಿಡಿಯಾಗಿ ಕಾಣದಿದ್ದರೆ ಅದು ಅವನಿಗೂ ತಿಳಿಯದು, ಮನೆಯವರಿಗೂ ತಿಳಿಯದು. ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ಅವನು ತಿಳಿದಿರುತ್ತಾನೆ. ಹದಿನೈದು ಅಡಿ ದೂರದ ಹಲಗೆಯ ಮೇಲೆ ಮೇಷ್ಟ್ರು ಬರೆದದ್ದನ್ನು ಓದು ಎಂದಾಗ ಮಾತ್ರ ಸಮೀಪದೃಷ್ಟಿ ಬಯಲಾಗುತ್ತದೆ. ಬೀದರ್ ಸೀಮೆಯಲ್ಲಿ ಶಾಲೆ ತಡವಾಗಿ ಹರಡಿತು. 1948ರವರೆಗೆ ನಿಜಾಮರ ಆಳ್ವಿಕೆ, ಉರ್ದುವಿನಲ್ಲೇ ಶಿಕ್ಷಣ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದಲ್ಲಿ ಮನೆಮಾತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಹಳ್ಳಿಹಳ್ಳಿಗೆ ಹಲಗೆ ಬಂತು. ಅದರ ಹಿಂದೆಯೇ, ಸಾವಕಾಶವಾಗಿ, ಮಕ್ಕಳ ಚಷ್ಮಾ.

ಇಲ್ಲಿ ಕನ್ನಡಕದ ಮರ್ಯಾದೆ ತಿರುಗುಮುರುಗಾಯಿತು. ಅಜ್ಜನ ಮೂಗಿನ ಮೇಲೆ ವಿದ್ವತ್ತಿನ ಗುರುತಾಗಿದ್ದದ್ದು ಮೊಮ್ಮಗಳ ಮೂಗಿನ ಮೇಲೆ ಊನವಾಯಿತು. “ಹುಡುಗಿಗಿ ಚಷ್ಮಾ ಅದಾ?” ಎಂಬುದು ಸಂಬಂಧ ಕುದುರಿಸುವಾಗ ಕೇಳುವ ಮೊದಲ ಪ್ರಶ್ನೆಗಳಲ್ಲೊಂದು. ಗಂಡಿಗೆ ಆ ಪ್ರಶ್ನೆ ಬರುವುದು ಕಡಿಮೆ. ಚಷ್ಮಾ ಹಾಕಿದ ಗಂಡು ಓದಿದವನೆನಿಸುತ್ತಾನೆ. ಹೆಣ್ಣು ನೋಡಲು ಬಂದ ದಿನ ಕನ್ನಡಕ ಕಪಾಟು ಸೇರುತ್ತದೆ. ಚಹಾದ ತಟ್ಟೆ ಹಿಡಿದು ಬಂದ ಹುಡುಗಿಗೆ ಎದುರು ಕೂತವರ ಮುಖಗಳೆಲ್ಲ ಹೊಗೆಯೊಳಗಿನ ಆಕಾರಗಳು. ಅವಳನ್ನು ಎಲ್ಲರೂ ನೋಡುತ್ತಾರೆ, ತನ್ನ ಬಾಳಸಂಗಾತಿಯಾಗಬೇಕಾದವನನ್ನು ಅವಳು ಮಾತ್ರ ನೋಡಲಾರಳು. ಕಾಂಟ್ಯಾಕ್ಟ್ ಲೆನ್ಸ್ ಇಂಥ ಊರುಗಳನ್ನು ಪ್ರವೇಶಿಸಿದ್ದು ಹೆಚ್ಚಾಗಿ ಈ ಬಾಗಿಲಿನಿಂದ. ಆಟಗಾರನಿಗೋ ರೋಗಿಗೋ ಎಂದು ಬಂದದ್ದಕ್ಕಿಂತ ಮದುವೆಯ ಹುಡುಗಿಗೆಂದು ಬಂದದ್ದೇ ಹೆಚ್ಚು.

ಕಣ್ಣಿನ ಮೇಲೆಯೇ ಕೂರುವ ಈ ಮಸೂರ ಹುಟ್ಟಿದ್ದು ಮಾತ್ರ ಸೌಂದರ್ಯಕ್ಕಾಗಿ ಅಲ್ಲ. ಜ್ಯೂರಿಕ್‌ನಲ್ಲಿದ್ದ ಅಡಾಲ್ಫ್ ಫಿಕ್ ಎಂಬ ಜರ್ಮನ್ ಕಣ್ಣಿನ ವೈದ್ಯ 1888ರಲ್ಲಿ ತನ್ನ ಪ್ರಯೋಗ ಪ್ರಕಟಿಸಿದ. ಕಣ್ಣಿನ ಬಿಳಿಯ ಭಾಗವನ್ನೂ ಮುಚ್ಚುವಷ್ಟು ದೊಡ್ಡ ಗಾಜಿನ ಬಟ್ಟಲು. ಮೊದಲು ಮೊಲಕ್ಕೆ, ಆಮೇಲೆ ತನಗೆ, ಕೊನೆಗೆ ರೋಗಿಗಳಿಗೆ. ಎರಡು ತಾಸಿನ ಮೇಲೆ ತಡೆಯಲಾಗುತ್ತಿರಲಿಲ್ಲ. ಕಾರಣ ಮುಂದೆ ತಿಳಿಯಿತು. ಕರಿಗುಡ್ಡೆಯ ಮುಂದಿನ ಪಾರದರ್ಶಕ ಪೊರೆಗೆ, ಅಂದರೆ ಕಾರ್ನಿಯಾಕ್ಕೆ, ರಕ್ತನಾಳಗಳೇ ಇಲ್ಲ. ಇದ್ದಿದ್ದರೆ ಬೆಳಕು ಒಳಗೆ ಹೋಗುತ್ತಿರಲಿಲ್ಲ. ಅದು ಉಸಿರಾಡುವುದು ಕಣ್ಣೀರಿನ ಮೂಲಕ, ನೇರ ಹೊರಗಿನ ಗಾಳಿಯಿಂದ. ಅದರ ಮೇಲೆ ಗಾಜು ಮುಚ್ಚಿದರೆ ಉಸಿರು ಕಟ್ಟಿದಂತೆ. ಅಲ್ಲಿಂದೀಚೆಗಿನ ಕಾಂಟ್ಯಾಕ್ಟ್ ಲೆನ್ಸ್ ಚರಿತ್ರೆಯೆಲ್ಲ ಕಣ್ಣಿಗೆ ಗಾಳಿ ಬಿಡುವ ಪ್ರಯತ್ನದ ಚರಿತ್ರೆ. 1948ರಲ್ಲಿ ಅಮೆರಿಕದ ಕೆವಿನ್ ಟೂಹಿ ಕರಿಗುಡ್ಡೆಯ ಮೇಲಷ್ಟೇ ಕೂರುವ ಸಣ್ಣ ಪ್ಲಾಸ್ಟಿಕ್ ಮಸೂರ ಮಾಡಿದ. 1961ರ ಕ್ರಿಸ್ಮಸ್ ವೇಳೆ ಪ್ರಾಗ್‌ನ ರಸಾಯನ ವಿಜ್ಞಾನಿ ಓಟೊ ವಿಕ್ಟರ್ಲೆ ಮಕ್ಕಳ ಆಟದ ಕಬ್ಬಿಣದ ಪಟ್ಟಿಗಳು ಮತ್ತು ಸೈಕಲ್ಲಿನ ಡೈನಮೋ ಜೋಡಿಸಿ, ಅಡುಗೆಮನೆಯ ಮೇಜಿನ ಮೇಲೆ, ನೀರು ಹೀರುವ ಮೆತ್ತನೆಯ ಮಸೂರಗಳನ್ನು ತಿರುಗಿಸಿ ತೆಗೆದ. ಇಂದು ಅಂಗಡಿಗಳಲ್ಲಿ ಸಿಗುವ ಮೆತ್ತನೆಯ ಲೆನ್ಸ್‌ಗಳ ಪೂರ್ವಜ ಅದು. ಗಾಳಿಯನ್ನು ಧಾರಾಳವಾಗಿ ಬಿಡುವ ಸಿಲಿಕಾನ್ ಜಾತಿಯವು ಬಂದದ್ದು 1990ರ ದಶಕದ ಕೊನೆಗೆ.

ಟೂಹಿ ಬಳಸಿದ ಪ್ಲಾಸ್ಟಿಕ್ಕಿಗೆ ಇನ್ನೊಂದು ಕಥೆಯಿದೆ. ಬೀದರ್‌ನವರಿಗೆ ಅದು ರುಚಿಸೀತು. ವಾಯುಪಡೆಯ ತರಬೇತಿ ನೆಲೆ ಇರುವ ಊರು ಇದು. ‘ಸೂರ್ಯಕಿರಣ್’ ವಿಮಾನ ತಂಡ 1996ರಲ್ಲಿ ರೂಪುಗೊಂಡದ್ದು ಇಲ್ಲೇ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನಗಳ ಪೈಲಟ್ ಕೂರುವ ಜಾಗದ ಮೇಲ್ಮುಚ್ಚಳ ಇದೇ ಪ್ಲಾಸ್ಟಿಕ್ಕಿನದು. ಗುಂಡು ಬಡಿದು ಅದರ ಚೂರುಗಳು ಪೈಲಟ್‌ಗಳ ಕಣ್ಣು ಹೊಕ್ಕವು. ಆ ಚೂರುಗಳು ಒಳಗೇ ಉಳಿದರೂ ಕಣ್ಣು ಕೆರಳಲಿಲ್ಲವೆಂಬುದನ್ನು ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದ. 1949ರಲ್ಲಿ ಪೊರೆ ತೆಗೆದ ಕಣ್ಣಿನೊಳಗೆ ಆ ಪ್ಲಾಸ್ಟಿಕ್ಕಿನ ಮಸೂರವನ್ನೇ ಕೂರಿಸಿದ. ಅದಕ್ಕೆ ಮುಂಚೆ, ನಮ್ಮಲ್ಲಂತೂ ಬಹುಕಾಲ ಆಮೇಲೂ, ಮೋತಿಬಿಂದುವಿನ ಆಪರೇಷನ್ ಆದವರು ಬುಡ್ಡಿ ಗಾಜಿನಂಥ ದಪ್ಪ ಕನ್ನಡಕ ಹಾಕಬೇಕಿತ್ತು. ಹಳ್ಳಿಯ ಕಟ್ಟೆಯ ಮೇಲೆ ಕೂತ ಅಜ್ಜನ ಕಣ್ಣು ಆ ಗಾಜಿನ ಹಿಂದೆ ಎರಡು ಪಟ್ಟು ದೊಡ್ಡದಾಗಿ ಕಾಣುತ್ತಿದ್ದ ನೆನಪು ಐವತ್ತು ದಾಟಿದವರಿಗೆ ಇದ್ದೇ ಇರುತ್ತದೆ. ಆ ಕನ್ನಡಕ ಒಡೆದರೆ ಆಪರೇಷನ್ನೇ ವ್ಯರ್ಥ. 1992ರಿಂದ ಮದುರೆಯ ಅರವಿಂದ ಕಣ್ಣಾಸ್ಪತ್ರೆಯ ಬಳಗದ ಆರೋಲ್ಯಾಬ್ ಅಗ್ಗದ ಒಳಮಸೂರ ತಯಾರಿಸತೊಡಗಿದ ಮೇಲೆ ಆ ದಪ್ಪ ಗಾಜು ಕಣ್ಮರೆಯಾಗುತ್ತ ಬಂತು. ಅತ್ಯಂತ ದೊಡ್ಡ ಕನ್ನಡಕವನ್ನು ಸೋಲಿಸಿದ್ದು ಹೀಗೆ ಕಣ್ಣೊಳಗಿನ ಲೆನ್ಸ್, ಕಣ್ಣ ಮೇಲಿನದಲ್ಲ.

ಹಾಗಾದರೆ ಕಣ್ಣ ಮೇಲಿನದು ಯಾರಿಗೆ? ಕಾರ್ನಿಯಾ ಬುಗುರಿಯ ತುದಿಯಂತೆ ಚೂಪಾಗುತ್ತ ಹೋಗುವ ಒಂದು ಕಾಯಿಲೆಯಿದೆ, ಕೆರಟೊಕೋನಸ್. ಹದಿಹರೆಯದಲ್ಲಿ ಶುರುವಾಗುವುದು. ಅದು ಬಲಿತರೆ ಯಾವ ಕನ್ನಡಕವೂ ನೆಟ್ಟಗಿನ ನೋಟ ಕೊಡದು. ಗಟ್ಟಿ ಲೆನ್ಸ್ ಮಾತ್ರ ಕೊಡುತ್ತದೆ. ಪೆಟ್ಟು ಬಿದ್ದು ಒಂದೇ ಕಣ್ಣಿನ ಮಸೂರ ಕಳೆದುಕೊಂಡ ಮಗುವಿಗೆ ಕನ್ನಡಕ ಹಾಕಿದರೆ ಎರಡು ಕಣ್ಣಿಗೆ ಎರಡು ಗಾತ್ರದ ಲೋಕ ಕಾಣುತ್ತದೆ. ಅಲ್ಲಿಯೂ ಲೆನ್ಸೇ ಬೇಕು. ಬಹಳ ದೊಡ್ಡ ನಂಬರಿನವರಿಗೆ, ಆಟದ ಮೈದಾನದವರಿಗೆ ಅದರ ಅನುಕೂಲ ನಿಜ. ಇವರ್ಯಾರಿಗೂ ಅದು ಅಲಂಕಾರವಲ್ಲ.

ಉಳಿದವರು ಆಯ್ಕೆ ಮಾಡುವಾಗ ಕನ್ನಡಿಯ ಮುಂದೆ ನಿಲ್ಲುವ ಬದಲು ಊರಿನ ಗಾಳಿ, ನೀರುಗಳನ್ನು ನೋಡುವುದು ಒಳಿತು. ಬೀದರ್ ಎತ್ತರದ ಕೆಂಗಲ್ಲಿನ ಬಯಲು. ಬೇಸಿಗೆಯ ಸುಂಟರಗಾಳಿಗೆ ಕೆಂಪು ಹುಡಿ ಏಳುತ್ತದೆ. ಭಾಲ್ಕಿ, ಔರಾದ್‌ಗಳ ಕರಿನೆಲದಲ್ಲಿ ತೊಗರಿ, ಸೋಯಾ ರಾಶಿಯ ದಿನಗಳಲ್ಲಿ ಯಂತ್ರದಿಂದ ಹಾರುವ ಹೊಟ್ಟು ಊರಿಗೆಲ್ಲ ಮುಸುಕು ಹಾಕುತ್ತದೆ. ಬೆಳೆಯ ತರಗು ಕಣ್ಣಿಗೆ ಬಡಿದು ಕಾರ್ನಿಯಾ ಕೆರೆದು, ಬೂಸಿನ ಸೋಂಕು ಹತ್ತಿ ಕಣ್ಣು ಹೋಗುವುದು ಭಾರತದ ರೈತಾಪಿ ಜನರಲ್ಲಿ ಹಳೆಯ ಗೋಳು. ಇಂಥಲ್ಲಿ ಕನ್ನಡಕ ಅರ್ಧ ಗುರಾಣಿ. ಲೆನ್ಸ್ ಧೂಳಿನ ಕಣವನ್ನು ತನ್ನ ಅಡಿಯಲ್ಲೇ ಹಿಡಿದಿಟ್ಟು ಉಜ್ಜುತ್ತದೆ.

ನೀರಿನದು ಇನ್ನೂ ಸೂಕ್ಷ್ಮ. ನೌಬಾದಿನಿಂದ ಹರಿಯುವಂತೆ ನೆಲದಡಿ ಸುರಂಗ ಕೊರೆದು ಬಹಮನಿಗಳ ಕಾಲದಲ್ಲಿ ಮಾಡಿದ ಕರೇಜ್ ಬೀದರ್‌ನ ಹೆಮ್ಮೆ. ಆದರೆ ಕರೇಜಿನ ನೀರಿರಲಿ, ನಲ್ಲಿಯದಿರಲಿ, ಬೋರ್‌ವೆಲ್ಲಿನದಿರಲಿ, ಕುಡಿಯಲು ಎಷ್ಟೇ ಸಿಹಿಯಾದರೂ ಲೆನ್ಸಿಗೆ ತಾಗಕೂಡದು. ಅಕಾಂತಮೀಬಾ ಎಂಬ ಏಕಕೋಶ ಜೀವಿ ಬಾವಿ, ತೊಟ್ಟಿ, ನಲ್ಲಿ ಎಲ್ಲ ಕಡೆಯೂ ಇರುತ್ತದೆ. ಹೊಟ್ಟೆಗೆ ಹೋದರೆ ಏನೂ ಮಾಡದು. ಲೆನ್ಸಿನ ಅಡಿಯ ಕಾರ್ನಿಯಾಕ್ಕೆ ಹತ್ತಿದರೆ ತಿಂಗಳುಗಟ್ಟಲೆ ವಾಸಿಯಾಗದ ಹುಣ್ಣು. 1980ರ ದಶಕದ ನಡುವೆ ಅಮೆರಿಕದಲ್ಲಿ ಈ ಸೋಂಕಿನ ಪ್ರಕರಣಗಳು ಒಮ್ಮೆಲೇ ಹೆಚ್ಚಿದಾಗ ಮೂಲ ಹುಡುಕಿದರು. ಮನೆಯಲ್ಲೇ ಉಪ್ಪಿನ ಗುಳಿಗೆ ಕರಗಿಸಿ ಲೆನ್ಸ್ ತೊಳೆಯುವ ನೀರು ಮಾಡಿಕೊಳ್ಳುತ್ತಿದ್ದ ಅಭ್ಯಾಸವೇ ಕಾರಣವೆಂದು ಗೊತ್ತಾಯಿತು. ಅಲ್ಲಿಯೇ ಹಾಗಾದರೆ, ತಿಂಗಳ ದ್ರಾವಣದ ಬಾಟಲಿ ದುಬಾರಿಯೆಂದು ಎರಡು ತಿಂಗಳು ಎಳೆಯುವ ಮನೆಗಳಲ್ಲಿ ಏನಾದೀತು? ಲೆನ್ಸ್ ಹಾಕಿಕೊಂಡೇ ಮಲಗುವುದು ಇದಕ್ಕೆ ಜೊತೆಯಾದರೆ ಸೋಂಕಿನ ಸಾಧ್ಯತೆ ಹಲವು ಪಟ್ಟು. ಹೊಸ ಮದುವೆಯ ಮನೆಯಲ್ಲಿ, ತನಗೆ ನಂಬರ್ ಇದೆಯೆಂದು ಹೇಳಿಕೊಳ್ಳಲಾರದ ಸೊಸೆ ರಾತ್ರಿ ಲೆನ್ಸ್ ತೆಗೆದಿಡುವುದಾದರೂ ಎಲ್ಲಿ? ಬಚ್ಚಿಟ್ಟ ದೋಷಕ್ಕೆ ಕಣ್ಣೇ ದಂಡವಾಗುವ ಈ ಸಂದರ್ಭವನ್ನು ಲೆನ್ಸ್ ಮಾರುವವರ ಜಾಹೀರಾತುಗಳು ಊಹಿಸಿಯೇ ಇಲ್ಲ. ಕಣ್ಣು ಕೆಂಪಾಗಿ ನೋವು ಬಂದ ದಿನವೇ ಲೆನ್ಸ್ ತೆಗೆದು ವೈದ್ಯರಲ್ಲಿಗೆ ಹೋದರೆ ಕಣ್ಣು ಉಳಿಯುತ್ತದೆ. ಸಂತೆಯ ಅಂಗಡಿಯ ತೊಟ್ಟು ಔಷಧ ಹಾಕಿ ವಾರ ಕಾದರೆ ಉಳಿಯಲಿಕ್ಕಿಲ್ಲ.

ನಲವತ್ತರ ತೊಂದರೆಗೆ ಮತ್ತೆ ಬರೋಣ. ಬೀದರ್‌ನಲ್ಲಿ ಅದರ ಪೆಟ್ಟು ಅತ್ಯಂತ ಜೋರಾಗಿ ಬೀಳುವುದು ಪಂಡಿತರಿಗಿಂತ ಬಿದರಿ ಕುಶಲಕರ್ಮಿಗಳಿಗೆ. ಸತು, ತಾಮ್ರ ಕರಗಿಸಿ ಎರಕ ಹೊಯ್ದ ಪಾತ್ರೆಯನ್ನು ನಯಮಾಡಿ, ಗೆರೆ ಎದ್ದು ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಬರಿಗೈಯಲ್ಲೇ ಹೂಬಳ್ಳಿ ಬರೆದು ಸಣ್ಣ ಉಳಿಯಿಂದ ಕೊರೆಯುತ್ತಾರೆ. ಕೊರೆದ ಗೆರೆಯೊಳಗೆ ಕೂದಲಿನಂಥ ಬೆಳ್ಳಿ ತಂತಿಯನ್ನು ಸುತ್ತಿಗೆಯ ಮೆಲ್ಲನೆಯ ಪೆಟ್ಟಿನಿಂದ ಕೂರಿಸುತ್ತಾರೆ. ಇದಕ್ಕೆ ತಾರಕಶಿ ಎಂದು ಹೆಸರು. ಓದುವವನು ಪತ್ರಿಕೆಯನ್ನು ದೂರ ಹಿಡಿಯಬಹುದು. ಉಳಿ, ಸುತ್ತಿಗೆ ಹಿಡಿದವನ ಪಾತ್ರೆ ಅವನ ಕೈಗಿಂತ ದೂರ ಹೋಗಲಾರದು. ಕೈಗೆ ಪಳಗು ಬರಲು ಹತ್ತಿಪ್ಪತ್ತು ವರ್ಷ ಬೇಕು, ಅದು ಬರುವ ಹೊತ್ತಿಗೆ ಸರಿಯಾಗಿ ಕಣ್ಣು ಕೈಕೊಡುತ್ತದೆ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅದನ್ನು ಉಳಿಸುವ ಮಾತಾಡುವಾಗ ಬೆಳ್ಳಿಯ ಬೆಲೆ, ಮಾರುಕಟ್ಟೆ, ಸಾಲ ಎಲ್ಲ ಚರ್ಚೆಯಾಗುತ್ತದೆ. ಕಣ್ಣಿನ ನಂಬರ್ ಆಗುವುದಿಲ್ಲ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತಿರದ ಕನ್ನಡಕ ಕೊಟ್ಟವರು ಕೊಡದವರಿಗಿಂತ ಶೇಕಡಾ 21ಕ್ಕೂ ಮಿಕ್ಕಿ ಹೆಚ್ಚು ಎಲೆ ಬಿಡಿಸಿದ್ದು ಕಂಡುಬಂತು. ಎಲೆ ಬಿಡಿಸುವ ಕೆಲಸದಲ್ಲೇ ಇಷ್ಟು ವ್ಯತ್ಯಾಸ. ತಾರಕಶಿಯಲ್ಲಿ ಎಷ್ಟಿರಬೇಡ!

ಕುಶಲಕರ್ಮಿಗೆ ಲೆನ್ಸ್ ನಡೆಯದು. ಅರ ಹಾಕುವಾಗ ಏಳುವ ಲೋಹದ ಪುಡಿ, ನವಸಾಗರದ ಘಾಟು, ಕುಲುಮೆಯ ಬಿಸಿ ಇವೆಲ್ಲದರ ನಡುವೆ ಅವನ ಬೆರಳು ಕಣ್ಣಿಗೆ ತಾಗುವುದೇ ಅಪಾಯ. ಜಾತ್ರೆ, ಸಂತೆಗಳ ಸಾಲಿನಲ್ಲಿ ಹಾಕಿ ನೋಡಿ ಕೊಳ್ಳುವ ಸಿದ್ಧ ಚಷ್ಮಾ ಅವನಿಗೆ ಅರ್ಧ ಸಾಕಾಗುತ್ತದೆ. ಅದು ಓದುವ ದೂರಕ್ಕೆ ಮಾಡಿದ್ದು, ಎರಡು ಕಣ್ಣಿಗೂ ಒಂದೇ ನಂಬರಿನದು. ತನ್ನ ಪಾತ್ರೆ ಮತ್ತು ಕಣ್ಣಿನ ನಡುವಿನ ಅಂತರವನ್ನು ದಾರದಿಂದ ಅಳೆದು, ಆ ದಾರವನ್ನು ಕಣ್ಣು ಪರೀಕ್ಷಿಸುವವರ ಮುಂದಿಟ್ಟರೆ ಸರಿಯಾದ ಗಾಜು ಸಿಗುತ್ತದೆ. ಪರೀಕ್ಷೆಗೆ ಹೋದವನಿಗೆ ಸಕ್ಕರೆ ಕಾಯಿಲೆಯಿಂದಲೋ ಕಣ್ಣಿನ ಒತ್ತಡದಿಂದಲೋ ಸದ್ದಿಲ್ಲದೆ ನೋಟ ಕುಂದುತ್ತಿದ್ದರೆ ಅದೂ ಬಯಲಾಗುತ್ತದೆ. ಜಾತ್ರೆಯ ಚಷ್ಮಾ ಇದನ್ನು ಹೇಳದು.

ತಂತಿ ಕೂರಿಸಿದ ಪಾತ್ರೆಯನ್ನು ಕೊನೆಗೆ ಬಿಸಿಮಾಡಿ, ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ ಉಜ್ಜುತ್ತಾರೆ. ಲೋಹವೆಲ್ಲ ಕಡುಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಉಳಿ ಎಲ್ಲಿ ಜಾರಿದೆ, ತಂತಿ ಎಲ್ಲಿ ಗೆರೆ ಬಿಟ್ಟಿದೆ ಎಂಬುದು ಆಗ ಬರಿಗಣ್ಣಿನವರಿಗೂ ಕಾಣುತ್ತದೆ.